ರಕ್ತಚಂದ್ರ ಮತ್ತು ಕರ್ತನ ದಿನ

ಪ್ರಶ್ನೆ: ಮುಂದಿನ ಚಂದ್ರಗ್ರಹಣದಂದು ಚಂದ್ರನು ರಕ್ತವಾಗುವನು, ಅದು ಪ್ರವಾದಿ ಯೋವೇಲನ ಮಾತಿನ ನೆರವೇರಿಕೆ, ಅದರ ಬೆನ್ನಲ್ಲೇ ಸಭೆಯು, ಅಂದರೆ ವಿಶ್ವಾಸಿಗಳೆಲ್ಲ, ಮೇಲಕ್ಕೆ ಎತ್ತಲ್ಪಡುವುದು ಎಂದು ಹೇಳುವ ವಿಡಿಯೊ ಒಂದು ನಮ್ಮ ಪ್ರಾರ್ಥನಾ ಗುಂಪಿನಲ್ಲಿ ಹರಿದಾಡುತ್ತಿದೆ. ನನ್ನ ಅಕ್ಕ ಅದನ್ನು ನಂಬಿ ಕೆಲಸ ಬಿಡಲು ಹೊರಟಿದ್ದಾರೆ. ಸತ್ಯವೇದ ನಿಜವಾಗಿಯೂ ಹಾಗೆ ಹೇಳುತ್ತದೆಯೇ? ಎಲ್ಲ ಕ್ರೈಸ್ತರೂ ಹೀಗೆಯೇ ನಂಬುತ್ತಾರೆಯೇ? ಅಕ್ಕನಿಗೆ ನಾನು ಏನು ಹೇಳಲಿ?

ಉತ್ತರ: ನಿಮ್ಮ ಅಕ್ಕ ರಾಜೀನಾಮೆ ಕೊಡುವ ಮೊದಲೇ ಇದು ಅವರ ಕೈಸೇರಲಿ ಎಂಬ ಕಾರಣಕ್ಕೆ ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕ್ರಿಸ್ತನು ಮಹಿಮೆಯಿಂದ ತಿರುಗಿ ಬರುವನೆಂಬುದು ಬಹುತೇಕ ಎಲ್ಲ ಸಭೆಗಳ ನಂಬಿಕೆ. 381ರಲ್ಲಿ ಈಗಿನ ರೂಪ ಪಡೆದ ನೈಸಿಯಾದ ವಿಶ್ವಾಸಪ್ರಮಾಣವನ್ನು ಹೇಳುವ ರೋಮನ್ ಕ್ಯಾಥೊಲಿಕರು, ಪೂರ್ವದ ಆರ್ಥೊಡಾಕ್ಸರು ಮತ್ತು ಹೆಚ್ಚಿನ ಪ್ರಾಟೆಸ್ಟೆಂಟರು ಅದನ್ನು ಆರಾಧನೆಯಲ್ಲಿಯೇ ಉಚ್ಚರಿಸುತ್ತಾರೆ. ಆ ಪ್ರಮಾಣದಲ್ಲಿ ಗ್ರಹಣದ ಸುದ್ದಿ ಇಲ್ಲ, ತಾರೀಖಂತೂ ಇಲ್ಲವೇ ಇಲ್ಲ. ನನ್ನ ವಾದವೂ ಇಷ್ಟೇ: ನೂರು ವರ್ಷ ಮೊದಲೇ ಲೆಕ್ಕ ಹಾಕಿ ಪಂಚಾಂಗದಲ್ಲಿ ಅಚ್ಚು ಮಾಡಬಹುದಾದ ಗ್ರಹಣವು, ಪರಲೋಕದ ದೂತರಿಗೂ ಮಗನಿಗೂ ತಿಳಿಯದೆಂದು ಯೇಸು ತಾನೇ ಹೇಳಿದ ದಿನದ (ಮಾರ್ಕ 13:32) ಗುರುತಾಗಲಾರದು. ಉಳಿದದ್ದೆಲ್ಲ ಇದರ ವಿವರಣೆ.

ಮೊದಲು ವಚನಗಳನ್ನೇ ನೋಡೋಣ. ಸೂರ್ಯನು ಕತ್ತಲಾಗುವನು, ಚಂದ್ರನು ರಕ್ತವಾಗುವನು ಎಂಬುದು ಯೋವೇಲ 2:31ರಲ್ಲಿದೆ. ಮತ್ತಾಯ 24:29ರಲ್ಲಿ ಯೇಸು ಇಂಥದೇ ಮಾತನ್ನಾಡುತ್ತಾನೆ. ಪ್ರಕಟನೆ 6:12ರಲ್ಲಿ, ಯೋಹಾನನು ಕಂಡ ದರ್ಶನದಲ್ಲಿ, ಏಳು ಮುದ್ರೆಗಳ ಸುರುಳಿಯ ಆರನೆಯ ಮುದ್ರೆಯನ್ನು ಒಡೆದಾಗ ಸೂರ್ಯನು ಕರೀ ಗೋಣಿತಟ್ಟಿನಂತೆ ಕಪ್ಪಾಗುತ್ತಾನೆ, ಚಂದ್ರನು ರಕ್ತದಂತಾಗುತ್ತಾನೆ. ವಿಡಿಯೊಗಳು ಈ ಮೂರನ್ನೂ ಒಟ್ಟಿಗೆ ಹೊಲಿದು ತೋರಿಸುತ್ತವೆ. ಆದರೆ ಇದೇ ಭಾಷೆ ಇರುವ ಇನ್ನೆರಡು ಸ್ಥಳಗಳನ್ನು ಅವು ತೆರೆಯುವುದು ಅಪರೂಪ. ಯೆಶಾಯ 13:10ರಲ್ಲಿ ನಕ್ಷತ್ರಗಳು ಬೆಳಗವು, ಮೂಡುವಾಗಲೇ ಸೂರ್ಯ ಮಂಕಾಗುವನು, ಚಂದ್ರನು ಪ್ರಕಾಶ ಕೊಡನು ಎಂದಿದೆ. ಆ ಅಧ್ಯಾಯದ ಮೊದಲ ವಚನವೇ ಇದು ಬಾಬೆಲಿನ (ಬ್ಯಾಬಿಲೋನಿನ) ವಿಷಯವಾದ ದೈವೋಕ್ತಿ ಎನ್ನುತ್ತದೆ, ಹದಿನೇಳನೆಯ ವಚನ ಅದರ ಮೇಲೆ ಬರುವ ಮೇದ್ಯರನ್ನು ಹೆಸರಿಸುತ್ತದೆ. ಬಾಬೆಲು ಕ್ರಿ.ಪೂ. 539ರಲ್ಲಿ ಪಾರಸಿಯ (ಪರ್ಷಿಯಾದ) ಅರಸ ಕೋರೆಷನಿಗೆ (ಸೈರಸ್) ಶರಣಾಯಿತು. ಅಂದಿನಿಂದ ಇಂದಿನವರೆಗೂ ನಕ್ಷತ್ರಗಳು ತಮ್ಮ ಪಾಡಿಗೆ ಬೆಳಗುತ್ತಲೇ ಇವೆ. ಯೆಹೆಜ್ಕೇಲ 32:7-8ರಲ್ಲಿ ಅದೇ ಕತ್ತಲೆ ಐಗುಪ್ತದ (ಈಜಿಪ್ಟಿನ) ಫರೋಹನ ಪತನಕ್ಕೆ ಬಂದಿದೆ.

ತುಂಬಾ ದೊಡ್ಡ ಆಘಾತವಾದಾಗ ನಾವು "ತಲೆಯ ಮೇಲೆ ಆಕಾಶ ಕಳಚಿ ಬಿದ್ದಂತಾಯಿತು" ಎನ್ನುತ್ತೇವೆ. ಕೇಳಿದವರು ಯಾರೂ ಕತ್ತೆತ್ತಿ ಆಕಾಶ ನೋಡುವುದಿಲ್ಲ. ಹಾಗೆಂದು ಹೇಳಿದವನು ಸುಳ್ಳಾಡಿದನೆಂದೂ ಭಾವಿಸುವುದಿಲ್ಲ. ಪ್ರವಾದಿಗಳ ಬಾಯಲ್ಲಿ ಸೂರ್ಯ, ಚಂದ್ರ, ನಕ್ಷತ್ರಗಳು ಬಹುಪಾಲು ಹೀಗೆಯೇ ಕೆಲಸ ಮಾಡುತ್ತವೆ. ಶಾಶ್ವತವೆಂದು ಕಂಡ ಒಂದು ರಾಜ್ಯವನ್ನು ದೇವರು ಉರುಳಿಸಿದಾಗ ಅದನ್ನು ವರ್ಣಿಸಲು ಆಕಾಶಕ್ಕಿಂತ ಕಡಿಮೆಯದು ಅವರಿಗೆ ಸಾಲುತ್ತಿರಲಿಲ್ಲ.

ಯೇಸುವಿನ ಶಿಷ್ಯ ಪೇತ್ರನ ಪ್ರಸಂಗ ಇನ್ನೂ ಸ್ವಾರಸ್ಯಕರ. ಯೆಹೂದ್ಯರ ಪಂಚಾಶತ್ತಮ ಹಬ್ಬದ ದಿನದಂದು ಜನರು ಶಿಷ್ಯರನ್ನು ಕುಡುಕರೆಂದು ಹಾಸ್ಯ ಮಾಡಿದಾಗ ಅವನು ಎದ್ದುನಿಂತು, ಯೋವೇಲನು ಹೇಳಿದ ಸಂಗತಿಯೇ ಇದು ಎನ್ನುತ್ತಾನೆ (ಅಪೊಸ್ತಲರ ಕೃತ್ಯಗಳು 2:16), ಮತ್ತು ಚಂದ್ರನು ರಕ್ತವಾಗುವ ಸಾಲನ್ನೂ ಬಿಡದೆ ಉದ್ಧರಿಸುತ್ತಾನೆ. ಆ ಹಬ್ಬ, ಹುಣ್ಣಿಮೆಗೆ ಬರುವ ಯೆಹೂದ್ಯರ ಪಸ್ಕ ಹಬ್ಬದ ಏಳು ವಾರಗಳ ನಂತರ ಬರುತ್ತದೆ. ಆಗ ಆಕಾಶದಲ್ಲಿರುವುದು ಬೆಳೆಯುತ್ತಿರುವ ಎಳೆಯ ಚಂದ್ರ, ಹುಣ್ಣಿಮೆಯಲ್ಲ. ಆ ದಿನ ಚಂದ್ರಗ್ರಹಣ ಆಗುವ ಸಾಧ್ಯತೆಯೇ ಇರಲಿಲ್ಲ. ಪೇತ್ರನಿಗೆ ಕಡೇ ದಿವಸಗಳು ಪರಿಶುದ್ಧಾತ್ಮನು ಇಳಿದುಬಂದ ಆ ಬೆಳಗ್ಗೆಯೇ ಆರಂಭವಾಗಿದ್ದವು. ಇಲ್ಲಿ ನ್ಯಾಯಕ್ಕಾಗಿ ಒಂದು ಮಾತು ಸೇರಿಸಬೇಕು: ಕ್ರಿ.ಶ. 33ರ ಏಪ್ರಿಲ್ 3ರಂದು ಗ್ರಹಣ ಹಿಡಿದ ಚಂದ್ರನೇ ಯೆರೂಸಲೇಮಿನ ದಿಗಂತದಲ್ಲಿ ಮೂಡಿದನೆಂದು ಲೆಕ್ಕ ಹಾಕಿ, ಶಿಲುಬೆಯ ದಿನ ಅದೇ ಎಂದೂ ಪೇತ್ರನ ಕೇಳುಗರು ಅದನ್ನೇ ನೆನೆದರೆಂದೂ ವಾದಿಸಿದ ವಿದ್ವಾಂಸರಿದ್ದಾರೆ. ಶಿಲುಬೆಯ ವರ್ಷ 30 ಎನ್ನುವವರೂ ಅಷ್ಟೇ ಸಂಖ್ಯೆಯಲ್ಲಿ ಸಿಗುವುದರಿಂದ ನಾನು ಅದರ ಮೇಲೆ ಭಾರ ಹಾಕುವುದಿಲ್ಲ.

ಇನ್ನು ಎಲ್ಲ ಕ್ರೈಸ್ತರೂ ಹೀಗೆಯೇ ನಂಬುತ್ತಾರೆಯೇ ಎಂಬ ಪ್ರಶ್ನೆ. ಇಲ್ಲ. ಮತ್ತಾಯ 24 ಮುಖ್ಯವಾಗಿ ಕ್ರಿ.ಶ. 70ರಲ್ಲಿ ರೋಮನ್ನರು ಯೆರೂಸಲೇಮಿನ ದೇವಾಲಯವನ್ನು ಸುಟ್ಟು ಕೆಡವಿದ್ದರ ಮುನ್ಸೂಚನೆ ಎಂದು ಓದುವವರಿದ್ದಾರೆ. "ಈ ಸಂತತಿ ಗತಿಸಿಹೋಗುವುದಿಲ್ಲ" ಎಂಬ 34ನೆಯ ವಚನ ಅವರ ದೊಡ್ಡ ಬಲ. ಪ್ರಕಟನೆಯ ದರ್ಶನಗಳು ಸಭೆಯ ಇತಿಹಾಸದುದ್ದಕ್ಕೂ ಒಂದೊಂದಾಗಿ ನೆರವೇರುತ್ತ ಬಂದಿವೆ ಎನ್ನುವವರಿದ್ದಾರೆ. ಆ ದರ್ಶನಗಳು ಎಲ್ಲ ಕಾಲದ ಒಳಿತು ಕೆಡುಕುಗಳ ಹೋರಾಟದ ಚಿತ್ರವೆನ್ನುವವರು ಮತ್ತೊಂದು ಗುಂಪು. ನಾಲ್ಕನೆಯವರು, ಅಂದರೆ ನಿಮ್ಮ ಅಕ್ಕ ನೋಡಿದ ವಿಡಿಯೊದ ಹಿಂದಿರುವವರು, ಅವೆಲ್ಲ ಇನ್ನೂ ಮುಂದೆ ಅಕ್ಷರಶಃ ನಡೆಯಬೇಕಾದವು ಎನ್ನುತ್ತಾರೆ. ಅಂತ್ಯಕಾಲದ ಮಹಾಸಂಕಟಕ್ಕೆ ಮೊದಲು ಸಭೆಯು ಗುಟ್ಟಾಗಿ ಎತ್ತಲ್ಪಡುತ್ತದೆಂಬ ಬೋಧನೆ ವ್ಯಾಪಕವಾದದ್ದು 1830ರ ದಶಕದಲ್ಲಿ ಬೋಧಕ ಜಾನ್ ನೆಲ್ಸನ್ ಡಾರ್ಬಿಯಿಂದ, ಮತ್ತು 1909ರಲ್ಲಿ ಹೊರಬಂದ ಸ್ಕೋಫೀಲ್ಡ್ ಟಿಪ್ಪಣಿಗಳ ಬೈಬಲಿನಿಂದ. 1 ಥೆಸಲೋನಿಕ 4:17ರಲ್ಲಿ ಮೇಘಗಳಲ್ಲಿ ಒಯ್ಯಲ್ಪಡುವ ಮಾತು ಖಂಡಿತ ಇದೆ. ಅದನ್ನು ಕ್ರಿಸ್ತನ ಎರಡು ಹಂತದ ಬರೋಣವಾಗಿ (ಮರಳಿ ಬರುವಿಕೆಯಾಗಿ) ಬಿಡಿಸುವುದು ಮಾತ್ರ ಇತ್ತೀಚಿನ ವ್ಯಾಖ್ಯಾನ. ಕ್ಯಾಥೊಲಿಕ್ ಸಭೆಯ ಧರ್ಮೋಪದೇಶ ಗ್ರಂಥವಂತೂ ಇತಿಹಾಸದೊಳಗೇ ಬರುವ ಸಹಸ್ರ ವರ್ಷದ ಆಳ್ವಿಕೆಯ ಕಲ್ಪನೆಯನ್ನು ತಳ್ಳಿಹಾಕುತ್ತದೆ. ಆರ್ಥೊಡಾಕ್ಸ್ ಆರಾಧನೆಯಲ್ಲಿ ಹೊಸ ಒಡಂಬಡಿಕೆಯ ಬೇರೆಲ್ಲ ಪುಸ್ತಕಗಳ ಪಾಠವಿದ್ದರೂ ಪ್ರಕಟನೆಯನ್ನು ವಾಡಿಕೆಯಾಗಿ ಓದುವುದಿಲ್ಲ.

ಆದರೂ ವಚನವನ್ನು ಅಕ್ಷರಶಃ ಓದುವವರನ್ನು ನಾನು ಹಗುರವಾಗಿ ಕಾಣುವುದಿಲ್ಲ. ಲೂಕ 21:25 ಸೂರ್ಯ ಚಂದ್ರ ನಕ್ಷತ್ರಗಳಲ್ಲಿ ಸೂಚನೆಗಳು ತೋರುವವೆಂದು ನೇರವಾಗಿಯೇ ಹೇಳುತ್ತದೆ. ನನ್ನ ಆಕ್ಷೇಪ ಬೇರೆ: ಅಕ್ಷರಶಃ ಓದಬೇಕೆಂದರೆ ಪೂರ್ತಿ ಓದಬೇಕು. ಆರನೆಯ ಮುದ್ರೆಯ ವಾಕ್ಯಭಾಗದಲ್ಲಿ ದೊಡ್ಡ ಭೂಕಂಪವಿದೆ, ಬಿರುಗಾಳಿಗೆ ಅಂಜೂರದ ಮರದ ಕಾಯಿಗಳು ಉದುರುವಂತೆ ನಕ್ಷತ್ರಗಳು ಉದುರುತ್ತವೆ, ಆಕಾಶವು ಸುರುಳಿಯಂತೆ ಸುತ್ತಿಕೊಳ್ಳುತ್ತದೆ, ಎಲ್ಲ ಬೆಟ್ಟಗಳೂ ದ್ವೀಪಗಳೂ ಕದಲುತ್ತವೆ. ಕಪ್ಪಾದ ಸೂರ್ಯನೂ ಕೆಂಪಾದ ಚಂದ್ರನೂ ಅಲ್ಲಿ ಒಂದೇ ದೃಶ್ಯದಲ್ಲಿದ್ದಾರೆ. ಸೂರ್ಯಗ್ರಹಣ ಅಮಾವಾಸ್ಯೆಗೆ, ಚಂದ್ರಗ್ರಹಣ ಹುಣ್ಣಿಮೆಗೆ. ಎರಡೂ ಒಂದೇ ದಿನ ಆಗುವಂತಿಲ್ಲ. ಹಾಗಾಗಿ ಯೋಹಾನನು ಕಂಡದ್ದು ಏನೇ ಇರಲಿ, ಗ್ರಹಣವಂತೂ ಅಲ್ಲ. ಶಿಲುಬೆಯ ದಿನ ಮಧ್ಯಾಹ್ನದಿಂದ ಮೂರು ಗಂಟೆಯವರೆಗೆ ಕವಿದ ಕತ್ತಲೆಯ ಬಗ್ಗೆ ಪ್ರಾಚೀನ ಸಭೆಯ ಧರ್ಮಪಂಡಿತ ಅಗಸ್ಟೀನನೂ ಇದೇ ತರ್ಕವನ್ನು ಬಳಸಿದ್ದಾನೆ: ಪಸ್ಕವು ಹುಣ್ಣಿಮೆಗೆ ಬರುವುದರಿಂದ ಅದು ಸಾಮಾನ್ಯ ಸೂರ್ಯಗ್ರಹಣವಾಗಿರಲು ಸಾಧ್ಯವಿಲ್ಲವೆಂದು ಅವನು "ದೇವರ ನಗರ"ದ ಮೂರನೆಯ ಪುಸ್ತಕದಲ್ಲಿ ಬರೆದ. ಪೂರ್ಣ ಸೂರ್ಯಗ್ರಹಣದ ಕತ್ತಲೆ ಒಂದೆಡೆ ಏಳೂವರೆ ನಿಮಿಷಕ್ಕಿಂತ ಹೆಚ್ಚು ನಿಲ್ಲುವುದೂ ಇಲ್ಲ.

ಚಂದ್ರನು ಕೆಂಪಾಗುವುದೇಕೆ ಎಂಬುದನ್ನೂ ಅಕ್ಕನಿಗೆ ವಿವರಿಸಿ, ಏಕೆಂದರೆ ಭಯದ ಅರ್ಧ ಪಾಲು ಆ ಬಣ್ಣದಲ್ಲಿದೆ. ಖಗ್ರಾಸ ಚಂದ್ರಗ್ರಹಣದಲ್ಲಿ ಭೂಮಿಯ ನೆರಳು ಚಂದ್ರನನ್ನು ಪೂರ್ತಿ ಮುಚ್ಚುತ್ತದೆ. ಆದರೂ ಭೂಮಿಯ ಅಂಚಿನ ವಾತಾವರಣದ ಮೂಲಕ ಸ್ವಲ್ಪ ಬೆಳಕು ಬಾಗಿ ಒಳನುಗ್ಗುತ್ತದೆ. ದಾರಿಯಲ್ಲಿ ನೀಲಿ ಚದುರಿ ಹೋಗಿ ಕೆಂಪು ಮಾತ್ರ ಉಳಿಯುತ್ತದೆ. ಆ ಗಳಿಗೆಯಲ್ಲಿ ಭೂಮಿಯ ಸುತ್ತ ಎಲ್ಲೆಲ್ಲಿ ಸೂರ್ಯೋದಯ, ಸೂರ್ಯಾಸ್ತಗಳಾಗುತ್ತಿವೆಯೋ ಆ ಎಲ್ಲ ಕೆಂಪೂ ಒಟ್ಟಾಗಿ ಚಂದ್ರನ ಮೇಲೆ ಬೀಳುತ್ತದೆ. ನನಗೆ ಇದು ರಕ್ತಕ್ಕಿಂತ ಸುಂದರವಾಗಿ ಕಾಣುತ್ತದೆ.

"ಆದರೆ ಹಬ್ಬಗಳ ದಿನವೇ ಗ್ರಹಣ ಬಂದರೆ?" ಎಂದು ಅಕ್ಕ ಕೇಳಬಹುದು, ಏಕೆಂದರೆ ಈ ಬಗೆಯ ವಿಡಿಯೊಗಳ ಜೀವಾಳ ಆ ವಾದ. 2014ರ ಏಪ್ರಿಲ್ 15, ಅಕ್ಟೋಬರ್ 8, 2015ರ ಏಪ್ರಿಲ್ 4, ಸೆಪ್ಟೆಂಬರ್ 28, ಈ ನಾಲ್ಕು ದಿನ ಸಾಲಾಗಿ ನಾಲ್ಕು ಖಗ್ರಾಸ ಚಂದ್ರಗ್ರಹಣಗಳಾದವು. ನಾಲ್ಕೂ ಯೆಹೂದ್ಯರ ಪಸ್ಕ ಮತ್ತು ಪರ್ಣಶಾಲೆಗಳ ಹಬ್ಬದ ಸಮಯದಲ್ಲೇ ಬಂದವು. ಅಮೆರಿಕದ ಬೋಧಕರಾದ ಮಾರ್ಕ್ ಬಿಲ್ಟ್ಸ್ ಮತ್ತು ಜಾನ್ ಹೇಗಿ ಇದನ್ನು ಇಸ್ರಾಯೇಲಿಗೆ ಸಂಬಂಧಪಟ್ಟ ಮಹಾ ಸೂಚನೆಯೆಂದು ಜನಪ್ರಿಯಗೊಳಿಸಿದರು. ಕೇಳಲು ಮೈ ಜುಮ್ಮೆನ್ನುತ್ತದೆ. ಈಗ ತಿಂಗಳ ಲೆಕ್ಕ ಹಾಕಿ ನೋಡಿ. ಯೆಹೂದ್ಯ ಪಂಚಾಂಗ ಚಂದ್ರನನ್ನು ಅನುಸರಿಸುತ್ತದೆ. ಪಸ್ಕ ನೀಸಾನ್ ತಿಂಗಳ ಹದಿನೈದಕ್ಕೆ, ಪರ್ಣಶಾಲೆಗಳ ಹಬ್ಬ ತಿಶ್ರಿ ತಿಂಗಳ ಹದಿನೈದಕ್ಕೆ, ಎರಡೂ ಹುಣ್ಣಿಮೆಯೇ. ನಡುವಿನ ಆರು ಚಾಂದ್ರಮಾಸಗಳು 30, 29, 30, 29, 30, 29 ದಿನಗಳಾಗಿ ಒಟ್ಟು 177 ದಿನ. ಸಾಲು ಗ್ರಹಣಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಇರುವ ಅಂತರವೂ ಅದೇ ಆರು ಚಾಂದ್ರಮಾಸ. ಮೊದಲನೆಯದು ಪಸ್ಕದ ಹುಣ್ಣಿಮೆಗೆ ಬಿದ್ದರೆ ಎರಡನೆಯದು ತಿಶ್ರಿಯ ಹುಣ್ಣಿಮೆಗೆ ಬೀಳದೆ ಬೇರೆ ದಾರಿಯೇ ಇಲ್ಲ. ಹಬ್ಬಕ್ಕೆ ಹುಣ್ಣಿಮೆಯನ್ನು ಆರಿಸಿಟ್ಟುಕೊಂಡು, ಆಮೇಲೆ ಹುಣ್ಣಿಮೆಗೆ ಮಾತ್ರ ಆಗುವ ಗ್ರಹಣ ಹಬ್ಬದ ದಿನವೇ ಬಂತೆಂದು ಬೆರಗಾಗುವುದು ಇದು.

ಇತಿಹಾಸದ ಹೊಂದಾಣಿಕೆಯೂ ಹೀಗೆಯೇ ಸಡಿಲ. ಹಿಂದಿನ ಇಂಥ ಸಾಲುಗಳು 1493-94, 1949-50, 1967-68ರಲ್ಲಿ ಬಂದಿದ್ದವು; ಅವು ಕ್ರಮವಾಗಿ ಸ್ಪೇನಿನಿಂದ ಯೆಹೂದ್ಯರ ಉಚ್ಚಾಟನೆ, ಇಸ್ರಾಯೇಲ್ ರಾಷ್ಟ್ರದ ಸ್ಥಾಪನೆ ಮತ್ತು ಆರು ದಿನಗಳ ಯುದ್ಧದ ಸೂಚನೆಗಳು ಎನ್ನಲಾಗುತ್ತದೆ. ಉಚ್ಚಾಟನೆಯ ಶಾಸನ ಹೊರಟದ್ದು 1492ರಲ್ಲಿ, ರಾಷ್ಟ್ರ ಘೋಷಣೆಯಾದದ್ದು 1948ರ ಮೇ 14ರಂದು. ಮಳೆ ನಿಂತ ಮೇಲೆ ಕೊಡೆ ಬಿಚ್ಚಿದಂತೆ, ಸೂಚನೆಯು ಘಟನೆಯಾದ ಮೇಲೆ ಬಂದಿದೆ. ಕಳೆದ ಶತಮಾನದಲ್ಲಿ ಯೆಹೂದ್ಯರ ಮೇಲೆ ಎರಗಿದ ಎಲ್ಲಕ್ಕಿಂತ ದೊಡ್ಡ ವಿಪತ್ತಾದ ನಾತ್ಸಿ ಹತ್ಯಾಕಾಂಡಕ್ಕೆ ಅಂಥ ಯಾವ ಸಾಲೂ ಇಲ್ಲ ಎಂಬುದು ನನ್ನನ್ನು ಹೆಚ್ಚು ಕಾಡುವ ಸಂಗತಿ.

"ಜ್ಯೋತಿಗಳು ಸೂಚನೆಗಳಾಗಿರಲಿ" ಎಂಬ ಆದಿಕಾಂಡ 1:14ನ್ನು ಇದಕ್ಕೆ ಆಧಾರವಾಗಿ ಒಡ್ಡುವವರಿದ್ದಾರೆ. ಅಲ್ಲಿ ಸೂಚನೆಗಳ ಜೊತೆಗೇ ಬರುವ ಇಬ್ರಿಯ ಪದ ಮೋಯದೀಮ್, ಅಂದರೆ ನೇಮಕವಾದ ಕಾಲಗಳು; ಯಾಜಕಕಾಂಡ 23ರಲ್ಲಿ ಹಬ್ಬಗಳಿಗೂ ಅದೇ ಪದ. ಆ ವಚನದ ಅರ್ಥ ಸರಳ: ದಿನ, ತಿಂಗಳು, ಹಬ್ಬಗಳನ್ನು ಗುರುತಿಸಲು ಚಂದ್ರನಿದ್ದಾನೆ. ನಂಬಬಹುದಾದ ಗಡಿಯಾರವೆಂದು ದೇವರು ಇಟ್ಟದ್ದನ್ನು ಕೆಟ್ಟುಹೋಗುವ ಗಡಿಯಾರದಂತೆ ನೋಡುತ್ತಾ ಕೂರುವುದು ಆ ವಚನಕ್ಕೆ ನ್ಯಾಯವಲ್ಲ. ಆಕಾಶದ ಉತ್ಪಾತಗಳಿಗೆ ಅನ್ಯಜನಾಂಗಗಳು ಹೆದರಿದರೂ ನೀವು ಹೆದರಬೇಡಿರಿ ಎಂದು ಯೆರೆಮೀಯ 10:2 ನೇರವಾಗಿಯೇ ಹೇಳುತ್ತದೆ.

ಈ ಗೊಂದಲ ಹೊಸದಲ್ಲ. ಸುಮಾರು 419ರಲ್ಲಿ ಸಲೋನಾದ ಬಿಷಪ್ ಹೆಸಿಕಿಯಸ್ ಅಂತ್ಯ ಹತ್ತಿರವಾಯಿತೆಂದು ಅಗಸ್ಟೀನನಿಗೆ ಬರೆದಾಗ, ಅಗಸ್ಟೀನ್ ದೀರ್ಘವಾದ ಪತ್ರದಲ್ಲಿ ಮೂವರು ಸೇವಕರನ್ನು ಚಿತ್ರಿಸಿದ. ಒಡೆಯನು ಬೇಗ ಬರುವನೆಂದು ಒಬ್ಬನೆನ್ನುತ್ತಾನೆ, ತಡವಾಗಿ ಬರುವನೆಂದು ಇನ್ನೊಬ್ಬ, ಯಾವಾಗ ಬರುವನೋ ನನಗೆ ತಿಳಿಯದೆಂದು ಮೂರನೆಯವ. ಮೂವರೂ ಒಡೆಯನನ್ನು ಪ್ರೀತಿಸುವವರೇ, ಮೂವರೂ ಕಾಯುವವರೇ. ಮೊದಲನೆಯವನು ಹೇಳಿದಂತೆ ಆಗದಿದ್ದರೆ ಕೇಳಿದವರ ನಂಬಿಕೆಯೇ ಅಲುಗಾಡುವ ಅಪಾಯವಿದೆ, ಮೂರನೆಯವನು ಮಾತ್ರ ತಪ್ಪುವುದಿಲ್ಲ. ಒಂದು ಸಾವಿರದ ಆರುನೂರು ವರ್ಷಗಳಲ್ಲಿ ಇದಕ್ಕಿಂತ ವಿವೇಕದ ಮಾತನ್ನು ಈ ವಿಷಯದಲ್ಲಿ ನಾನು ಓದಿಲ್ಲ.

ಮೊದಲನೆಯ ಸೇವಕನ ಕಥೆಗೆ ಅಮೆರಿಕದ ನ್ಯೂ ಇಂಗ್ಲೆಂಡ್ ಸೀಮೆಯ ಉದಾಹರಣೆ ಸಾಕು. 1780ರ ಮೇ 19ರಂದು ಅಲ್ಲಿ ಹಗಲೇ ಕತ್ತಲಾಯಿತು. ಮಧ್ಯಾಹ್ನದ ಊಟಕ್ಕೆ ಮೇಣದ ಬತ್ತಿ ಹಚ್ಚಬೇಕಾಯಿತು, ಕೋಳಿಗಳು ಗೂಡು ಸೇರಿದವು, ಜನ ಪ್ರಾರ್ಥನಾ ಮಂದಿರಗಳಿಗೆ ಓಡಿದರು. ದೂರದ ಕಾಡ್ಗಿಚ್ಚಿನ ಹೊಗೆ ಮೋಡದೊಂದಿಗೆ ಬೆರೆತು ಸೂರ್ಯನನ್ನು ಮುಚ್ಚಿತ್ತು ಎಂಬುದು ಈಗಿನ ವಿವರಣೆ. 1833ರ ನವೆಂಬರ್ 13ರ ನಸುಕಿನಲ್ಲಿ ಉತ್ತರ ಅಮೆರಿಕದ ಮೇಲೆ ಗಂಟೆಗೆ ಹತ್ತಾರು ಸಾವಿರ ಉಲ್ಕೆಗಳು ಸುರಿದವು. 1755ರ ಲಿಸ್ಬನ್ ಭೂಕಂಪದೊಂದಿಗೆ ಇವೆರಡನ್ನೂ ಸೇರಿಸಿದರೆ ಆರನೆಯ ಮುದ್ರೆಯ ಕ್ರಮವೇ ಸಿಗುತ್ತದೆಂದು ಹಲವರು ನಂಬಿದರು. ಆ ಉಲ್ಕಾವೃಷ್ಟಿಯ ಮೂಲ ಟೆಂಪಲ್-ಟಟಲ್ ಧೂಮಕೇತು ಸುಮಾರು 33 ವರ್ಷಕ್ಕೊಮ್ಮೆ ಮರಳುತ್ತದೆ. 1866ರಲ್ಲಿ, 1966ರಲ್ಲಿ ಮತ್ತೆ ಉಲ್ಕೆಗಳು ಸುರಿದವು. ಇದೇ ವಾತಾವರಣದಲ್ಲಿ ಅಮೆರಿಕದ ಬೋಧಕ ವಿಲಿಯಂ ಮಿಲ್ಲರ್ ದಾನಿಯೇಲ 8:14ರ 2300 ದಿನಗಳನ್ನು ವರ್ಷಗಳೆಂದೆಣಿಸಿ, ಕ್ರಿ.ಪೂ. 457ರಿಂದ ಆರಂಭಿಸಿ, ಕ್ರಿಸ್ತನು 1843ರ ಸುಮಾರಿಗೆ ಬರುವನೆಂದು ಸಾರಿದ. ಅನುಯಾಯಿಗಳು ಕೊನೆಗೆ 1844ರ ಅಕ್ಟೋಬರ್ 22ಕ್ಕೆ ಗೂಟ ಹೊಡೆದರು. ಕೆಲವರು ಬೆಳೆಯನ್ನು ಕೊಯ್ಯದೆ ಹೊಲದಲ್ಲೇ ಬಿಟ್ಟರು. 23ರ ಬೆಳಗಾಯಿತು. ಆ ದಿನವನ್ನು ಇಂದಿಗೂ "ಮಹಾ ನಿರಾಶೆ" ಎಂದೇ ಕರೆಯುತ್ತಾರೆ. ಆ ನಿರಾಶೆಯಿಂದ ಮೂಡಿ 1863ರಲ್ಲಿ ಸಂಘಟಿತವಾದ ಸೆವೆಂತ್-ಡೇ ಅಡ್ವೆಂಟಿಸ್ಟ್ ಸಭೆ ಬರೋಣವನ್ನು ಗಾಢವಾಗಿ ನಂಬುತ್ತದೆ, ತಾರೀಖನ್ನು ಮಾತ್ರ ನಿಗದಿ ಮಾಡುವುದಿಲ್ಲ. ಸುಟ್ಟುಕೊಂಡ ಬೆರಳಿಗೆ ಬೆಂಕಿಯ ಬುದ್ಧಿ ಗೊತ್ತು. ಕ್ರಿಸ್ತನು ಬರುವುದು 2011ರ ಮೇ 21ಕ್ಕೆ ಎಂದು ಸಾರಿದ ಅಮೆರಿಕದ ರೇಡಿಯೊ ಬೋಧಕ ಹೆರಾಲ್ಡ್ ಕ್ಯಾಂಪಿಂಗ್, ಆ ದಿನ ಕಳೆದ ಮೇಲೆ ಅಕ್ಟೋಬರ್ 21ಕ್ಕೆ ಜಿಗಿದು, ಅದೂ ಕಳೆದ ಮೇಲೆ 2012ರಲ್ಲಿ ತಾರೀಖು ಹೇಳಿದ್ದು ಪಾಪವೆಂದು ಒಪ್ಪಿಕೊಂಡರು. ಅಷ್ಟರಲ್ಲಿ ಕೆಲವು ಹಿಂಬಾಲಕರ ಉಳಿತಾಯ ಜಾಹೀರಾತು ಫಲಕಗಳಿಗೆ ಕರಗಿಹೋಗಿತ್ತು.

1780ರ ಆ ಕತ್ತಲ ದಿನದಲ್ಲಿ ನಡೆದ ಇನ್ನೊಂದು ಸಂಗತಿಯನ್ನು ಅಕ್ಕನಿಗೆ ಹೇಳಿ. ಕನೆಕ್ಟಿಕಟ್‌ನ ಶಾಸನಸಭೆಯಲ್ಲಿ ಇದು ನ್ಯಾಯತೀರ್ಪಿನ ದಿನವೆಂದು ಹೆದರಿದವರು ಸಭೆ ಮುಗಿಸೋಣವೆಂದರು. ಮೇಲ್ಮನೆಯ ಅಬ್ರಹಾಂ ಡೇವನ್‌ಪೋರ್ಟ್ ಒಪ್ಪಲಿಲ್ಲ. ಆ ದಿನ ಬಂದಿಲ್ಲವಾದರೆ ಸಭೆ ಮುಗಿಸಲು ಕಾರಣವಿಲ್ಲ, ಬಂದಿದೆಯಾದರೆ ನಾನು ನನ್ನ ಕರ್ತವ್ಯ ಮಾಡುತ್ತಿರುವಾಗಲೇ ಸಿಗಲು ಬಯಸುತ್ತೇನೆ, ದೀಪಗಳನ್ನು ತರಿಸಿ ಎಂಬುದು ಅವರ ಮಾತಿನ ತಾತ್ಪರ್ಯ. ಅವರು ಕ್ರಿಸ್ತನ ಬರೋಣವನ್ನು ಅಲ್ಲಗಳೆಯಲಿಲ್ಲ ಎಂಬುದನ್ನು ಗಮನಿಸಿ.

ಈಗ ರಾಜೀನಾಮೆಯ ವಿಷಯ. ನಿಮ್ಮ ಅಕ್ಕನ ಪರಿಸ್ಥಿತಿಗೆ ಇಷ್ಟು ಹತ್ತಿರವಾದ ಪತ್ರ ಹೊಸ ಒಡಂಬಡಿಕೆಯಲ್ಲಿ ಇನ್ನೊಂದಿಲ್ಲ: ಥೆಸಲೋನಿಕದವರಿಗೆ ಬರೆದ ಎರಡನೆಯ ಪತ್ರಿಕೆ. ಕರ್ತನ ದಿನ, ಅಂದರೆ ಕ್ರಿಸ್ತನು ತಿರುಗಿ ಬರುವ ದಿನ, ಬಂದೇಬಿಟ್ಟಿತು ಎಂಬ ಸುದ್ದಿ ಆ ಊರಿನ ಸಭೆಯಲ್ಲಿ ಹರಡಿತ್ತು. ಆತ್ಮದ ನುಡಿಯಿಂದಾಗಲಿ, ಮಾತಿನಿಂದಾಗಲಿ, ನಮ್ಮಿಂದ ಬಂತೆಂದು ಹೇಳಿಕೊಳ್ಳುವ ಪತ್ರದಿಂದಾಗಲಿ ಬೇಗನೆ ಚಂಚಲಚಿತ್ತರಾಗಿ ಕಳವಳಪಡಬೇಡಿರಿ ಎಂದು ಎರಡನೆಯ ಅಧ್ಯಾಯದ ಆರಂಭದಲ್ಲಿ ಪೌಲನು ಬೇಡಿಕೊಳ್ಳುತ್ತಾನೆ. ಕಳುಹಿಸಿದವರು ಯಾರೆಂದು ತಿಳಿಯದ ಸಂದೇಶ ಗುಂಪಿನಿಂದ ಗುಂಪಿಗೆ ದಾಟುವುದು ಅಂದಿನಿಂದಲೂ ಇತ್ತು. ಮೂರನೆಯ ಅಧ್ಯಾಯದಲ್ಲಿ, ಕೆಲಸ ಬಿಟ್ಟು ಅಕ್ರಮವಾಗಿ ತಿರುಗುತ್ತಿದ್ದವರ ಬಗ್ಗೆ, ಕೆಲಸ ಮಾಡಲೊಲ್ಲದವನು ಊಟ ಮಾಡಬಾರದೆಂಬ ಕಟುವಾದ ಮಾತಿದೆ. ಅದರ ಬೆನ್ನಲ್ಲೇ ಅವರು ಶಾಂತರಾಗಿದ್ದು ಸ್ವಂತ ದುಡಿಮೆಯಿಂದ ಊಟಮಾಡಬೇಕೆಂಬ ಅಪ್ಪಣೆಯೂ ಇದೆ.

ಅಕ್ಕನೊಂದಿಗೆ ವಾದಕ್ಕೆ ಇಳಿಯಬೇಡಿ. ಆ ಮೂರು ಅಧ್ಯಾಯಗಳನ್ನು ಅವರೊಂದಿಗೆ ಕೂತು ಗಟ್ಟಿಯಾಗಿ ಓದಿ. ಇಪ್ಪತ್ತು ನಿಮಿಷವೂ ಹಿಡಿಯುವುದಿಲ್ಲ. ರಾಜೀನಾಮೆಯನ್ನು ಗ್ರಹಣದ ಮರುದಿನದವರೆಗೆ ಮುಂದೂಡಲು ಕೇಳಿ, ಅದಕ್ಕೆ ಅವರ ನಂಬಿಕೆ ಅಡ್ಡಿಯಾಗಬೇಕಾಗಿಲ್ಲ. ಗ್ರಹಣದ ರಾತ್ರಿ ಆಕಾಶ ತಿಳಿಯಾಗಿದ್ದರೆ ಇಬ್ಬರೂ ಹೊರಗೆ ಬಂದು ನೋಡಿ; ಸೂರ್ಯಗ್ರಹಣದಂತಲ್ಲದೆ ಚಂದ್ರಗ್ರಹಣವನ್ನು ಬರಿಗಣ್ಣಿನಿಂದಲೇ ನೋಡಬಹುದು.